ಕಡೆಯ ಸ್ನಾನದ ಕ್ರಮ

ಜುಲೈ 8, 2024, ಸೋಮವಾರ

ದಿನಾ ನಾಲ್ಕು ಸಾಲಾದರೂ ಬರೆಯಬೇಕಂತೆ. ಡಾಕ್ಟರ್ ಸಹನ ಹೇಳಿದ್ದಾರೆ. ಯಾರಿಗೂ ತೋರಿಸಬೇಕಾಗಿಲ್ಲ, ಅವರೂ ಕೇಳುವುದಿಲ್ಲವಂತೆ. ಮೊದಲ ದಿನ ನಿಮ್ಮ ಹೆಸರು, ಮನೆ, ಕೆಲಸ ಬರೀರಿ, ಆಮೇಲೆ ತಾನಾಗಿ ಬರುತ್ತೆ ಅಂದರು. ಅಂಗನವಾಡಿಯಲ್ಲಿ ಊರಿನ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿ ರಿಟೈರಾದವಳು ನಾನು. ಈಗ ನನಗೇ ತಿದ್ದಿಸುವವರು ಬಂದಿದ್ದಾರೆ. ಇರಲಿ.

ಹೆಸರು ರೆಹಮತುನ್ನೀಸಾ. ಊರು ಕೆ.ಆರ್. ಪೇಟೆ. ಮನೆಯಲ್ಲಿ ಮಗ ಕಲೀಂ, ಅವನ ಹೆಂಡತಿ, ನಾನು. ಕಲೀಂ ಗೂಡ್ಸ್ ಆಟೋ ಓಡಿಸುತ್ತಾನೆ. ನನ್ನ ಯಜಮಾನರು ತೀರಿಕೊಂಡು ಬಹಳ ಕಾಲವಾಯಿತು.

ಕೆಲಸ. ನಮ್ಮ ಜನದಲ್ಲಿ ಹೆಂಗಸು ತೀರಿಕೊಂಡರೆ ಆಕೆಗೆ ಕಡೆಯ ಸ್ನಾನ ಮಾಡಿಸಿ, ಕಫನಿನ ಬಿಳಿ ಬಟ್ಟೆ ಉಡಿಸಿ ಕಳಿಸಿಕೊಡುವವಳು ನಾನು. ಇದು ಸಂಬಳದ ಕೆಲಸವಲ್ಲ. ಹೆಂಗಸಿಗೆ ಹೆಂಗಸೇ ಮಾಡಿಸಬೇಕು, ಕ್ರಮ ಗೊತ್ತಿರಬೇಕು, ಕೈ ನಡುಗಬಾರದು. ಇತ್ತ ಪಾಂಡವಪುರ, ಅತ್ತ ನಾಗಮಂಗಲ, ಯಾರ ಮನೆಯಲ್ಲಿ ಸಾವಾದರೂ ಫೋನು ನನಗೆ ಬರುತ್ತದೆ. ಅಂಗನವಾಡಿಗೆ ಸೇರುವ ಮುಂಚಿನಿಂದಲೂ ಮಾಡುತ್ತಿದ್ದೇನೆ. ಬಿಡುವ ಯೋಚನೆ ಇಲ್ಲ.

ಡಾಕ್ಟರ ಹತ್ತಿರ ಯಾಕೆ ಹೋಗಬೇಕಾಯಿತು ಅನ್ನುವುದನ್ನು ನಾಳೆ ಬರೆಯುತ್ತೇನೆ.

ಜುಲೈ 11, ಗುರುವಾರ

ನಾಳೆ ಅಂದದ್ದು ಇವತ್ತಿಗೆ ಬಂತು. ಮರೆತದ್ದಲ್ಲ. ಬರೆಯಲು ಮನಸ್ಸಾಗಲಿಲ್ಲ.

ಬಕ್ರೀದ್ ಆದಮೇಲೆ ಪಾಂಡವಪುರದಲ್ಲಿ ನೂರ್ ಫಾತಿಮಾ ಅನ್ನುವ ವಯಸ್ಸಾದ ಹೆಂಗಸು ತೀರಿಕೊಂಡರು. ಸ್ನಾನವೆಲ್ಲ ಸರಿಯಾಗಿಯೇ ಆಯಿತು. ಹೆಂಗಸಿನ ಕಫನಿನಲ್ಲಿ ಐದು ಬಟ್ಟೆ. ಒಂದರ ಮೇಲೊಂದು ಕ್ರಮವಾಗಿ ಹಾಸಿ, ಅದರ ಮೇಲೆ ಮಲಗಿಸಿ, ಒಂದೊಂದಾಗಿ ಮಡಚಿ ಸುತ್ತಬೇಕು. ಸುತ್ತಿದೆ, ತಲೆಯ ಕಡೆ, ಕಾಲ ಕಡೆ ಗಂಟು ಹಾಕಿ ಎದ್ದು ನಿಂತೆ. ನೋಡಿದರೆ ಎದೆಗೆ ಕಟ್ಟುವ ಬಟ್ಟೆ ಕುರ್ಚಿಯ ಮೇಲೆ ಮಡಚಿದ ಹಾಗೇ ಕೂತಿದೆ. ಗಂಟು ಬಿಚ್ಚಿ ಆ ತಾಯಿಯನ್ನು ಮತ್ತೆ ಎತ್ತಬೇಕಾಯಿತು. ಹೊರಗೆ ಗಂಡಸರು ಹೊರಲು ಕಾಯುತ್ತಿದ್ದರು. ಮಗಳು ದುಪಟ್ಟಾದಿಂದ ಮುಖ ಮುಚ್ಚಿಕೊಂಡು ಗೋಡೆ ಕಡೆ ತಿರುಗಿಬಿಟ್ಟಳು. ಯಾರೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಇದು ಕಲೀಂನ ಹೆಂಡತಿಯ ಕಿವಿಗೆ ಹೇಗೋ ಬಿತ್ತು. ಅವಳು ಇನ್ನಷ್ಟು ಸೇರಿಸಿ ಅವನಿಗೆ ಹೇಳಿದ್ದಾಳೆ: ಅಮ್ಮಿ ಸಾರಿಗೆ ಎರಡು ಸಲ ಉಪ್ಪು ಹಾಕ್ತಾರೆ, ಹೇಳಿದ್ದನ್ನೇ ಹೇಳ್ತಾರೆ, ಹಾಲು ಇಟ್ಟು ಮರೀತಾರೆ. ಮದುವೆಯಾಗಿ ಬಂದ ಮೇಲೆ ನನ್ನೊಂದಿಗೆ ಹತ್ತು ಮಾತಾಡಿಲ್ಲ, ಗಂಡನ ಹತ್ತಿರ ಇಷ್ಟು ಹೇಳಲು ಬರುತ್ತದೆ. ಅವನು ಆಟೋ ಬಾಡಿಗೆ ಬಿಟ್ಟು ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ಡಾಕ್ಟರು ಗಡಿಯಾರ ಬರೆಸಿದರು. ಬರೆದೆ. ಐದು ಪದ ಹೇಳಿ, ಬೇರೆ ಏನೇನೋ ಮಾತಾಡಿಸಿ, ಆಮೇಲೆ ಆ ಪದ ಹೇಳಿ ಅಂದರು. ಎರಡು ಬಂದವು. ಉಳಿದವು ಎಲ್ಲಿ ಹೋದವೋ. ಇದು ದೊಡ್ಡ ಮರೆವಿನ ಕಾಯಿಲೆ ಅಲ್ಲ, ವಯಸ್ಸಾದವರ ಸಾಮಾನ್ಯ ಮರೆವೂ ಅಲ್ಲ, ಎರಡರ ನಡುವಿನದು ಅಂದರು. ಕೆಲವರು ವರ್ಷಗಟ್ಟಲೆ ಹೀಗೇ ಇರುತ್ತಾರೆ, ಕೆಲವರು ಸುಧಾರಿಸುತ್ತಾರೆ, ಕೆಲವರಿಗೆ ಮುಂದುವರಿಯುತ್ತದೆ. ಯಾವ ಕಡೆ ಅಂತ ಈಗಲೇ ಹೇಳಲಾಗದು. ಇಂಥವರ ಮೆದುಳಿನ ಅಲೆಗಳು ಹೇಗಿರುತ್ತವೆ ಅಂತ ಶ್ರೀರಂಗಪಟ್ಟಣದ ಆಸ್ಪತ್ರೆಯಲ್ಲಿ ಒಂದು ಅಧ್ಯಯನ ನಡೆಯುತ್ತಿದೆ, ಸೇರುತ್ತೀರಾ ಅಂತ ಕೇಳಿದರು. ಕಲೀಂ ಬಾಯಿ ಬಿಡುವ ಮುಂಚೆ ಸೇರುತ್ತೇನೆ ಅಂದೆ.

ನನ್ನ ತಲೆ ಸರಿಯಾಗಿದೆ ಅಂತ ಮಿಷಿನ್ನೇ ಹೇಳಲಿ. ಆಗ ಎಲ್ಲರೂ ಸುಮ್ಮನಾಗುತ್ತಾರೆ.

ಜುಲೈ 19, ಶುಕ್ರವಾರ

ಬಸ್ ಸ್ಟ್ಯಾಂಡಿನಲ್ಲಿ ಪುಟ್ಟಲಕ್ಷ್ಮಮ್ಮ ಸಿಕ್ಕಳು. ಮಾಕವಳ್ಳಿಯವಳು, ನನ್ನ ಅಂಗನವಾಡಿಯಲ್ಲಿ ಅಡಿಗೆ ಮಾಡುತ್ತಿದ್ದವಳು. ಅವಳನ್ನೂ ಮಗಳು ಅದೇ ಡಾಕ್ಟರ ಹತ್ತಿರ ತೋರಿಸಿದ್ದಾಳೆ, ಪುಟ್ಟಲಕ್ಷ್ಮಮ್ಮನ ಹೆಸರೂ ಅಧ್ಯಯನದಲ್ಲಿದೆ. ಅಷ್ಟು ಜನರ ಮಧ್ಯೆ ನಿಂತು, “ನಂಗೆ ಮರೆವು ಕಣಕ್ಕ, ಬಸ್ಸು ಬಂದ್ರೆ ಯೋಳು, ಇಲ್ದಿದ್ರೆ ಇಲ್ಲೇ ಕುಂತಿರ್ತೀನಿ” ಅಂದಳು. ಪಕ್ಕದ ಹೂವಿನವಳಿಗೂ ಹೇಳಿದಳು. ನನಗೆ ನಾಚಿಕೆಯಾಯಿತು.

ಮಂಗಳವಾರ ಅಲೆ ನೋಡುವ ಪರೀಕ್ಷೆಗೆ ತಲೆಗೆ ಎಣ್ಣೆ ಹಾಕದೆ ಬರಬೇಕಂತೆ, ಶಾಂಪೂ ಹಾಕಿ ತೊಳೆದಿರಬೇಕಂತೆ. ಎಣ್ಣೆ ಇದ್ದರೆ ತಂತಿ ಅಂಟುವುದಿಲ್ಲ. ಪುಟ್ಟಲಕ್ಷ್ಮಮ್ಮನ ವಾದವೇ ಬೇರೆ: ಎಣ್ಣೆಯಿಲ್ಲದೆ ಹೊಸಿಲು ದಾಟಿದವಳೇ ಅಲ್ಲ ನಾನು, ಬೇಕಾದರೆ ಮಿಷಿನ್ನೇ ಒರೆಸಿಕೊಳ್ಳಲಿ.

ಮೂರು ದಿನದಿಂದ ಬೆಳಗ್ಗೆ ಬಾದಾಮಿ ತಿನ್ನುತ್ತಿದ್ದೇನೆ. ಮಗ್ಗಿ ಹೇಳಿಕೊಳ್ಳುತ್ತಿದ್ದೇನೆ. ಹದಿನಾರರ ಮಗ್ಗಿ ತನಕ ಬರುತ್ತದೆ.

ಜುಲೈ 23, ಮಂಗಳವಾರ

ಹೋಗಿ ಬಂದೆ. ಹೊಳೆ ತುಂಬಿ ಹರಿಯುತ್ತಿತ್ತು, ಸೇತುವೆಯ ಮೇಲೆ ಬಸ್ಸಿನವರೆಲ್ಲ ಕತ್ತು ಉದ್ದ ಮಾಡಿದರು.

ಪರೀಕ್ಷೆ ಮಾಡುವ ಹುಡುಗಿಯ ಹೆಸರು ಮೇಘನ. ಕೋಣೆಯಲ್ಲಿ ಗಂಡಸರು ಯಾರಿದ್ದಾರೆ ಅಂತ ಕೇಳಿದೆ. ಯಾರೂ ಇಲ್ಲ ಅಂತ ಹೇಳಿ ಬಾಗಿಲಿಗೆ ಚಿಲಕ ಹಾಕಿ ಬಂದಳು. ತಲೆವಸ್ತ್ರ ತೆಗೆದೆ. ಬಾಚಣಿಗೆಯ ತುದಿಯಿಂದ ಕೂದಲು ಬೇರೆ ಮಾಡಿ, ತಣ್ಣಗಿನ ಅಂಟು ಹಚ್ಚಿ, ತೂತುಗಳಿರುವ ಟೋಪಿ ಹಾಕಿ, ಒಂದೊಂದು ತೂತಿಗೂ ತಂತಿ ಕೂರಿಸಿದಳು. ಮುಟ್ಟುವ ಮುಂಚೆ ಹೇಳುತ್ತಿದ್ದಳು: ಈಗ ಹಣೆ ಮುಟ್ತೀನಮ್ಮ, ಈಗ ಕಿವಿ ಹಿಂದೆ. ಸತ್ತವರಿಗೆ ನಾನೂ ಹೀಗೇ ಹೇಳುತ್ತೇನೆ, ಈಗ ತಿರುಗಿಸ್ತೀನಿ ತಾಯಿ, ಈಗ ತಲೆಗೆ ನೀರು. ಅವರಿಗೆ ಹೇಗನ್ನಿಸುತ್ತದೋ ಅಂತ ಎಂದೂ ಯೋಚಿಸಿರಲಿಲ್ಲ. ನನಗಂತೂ ಹಿತವಾಗಿತ್ತು.

ಮೊದಲು ಕಣ್ಣು ಮುಚ್ಚಿ ಸುಮ್ಮನೆ ಕೂರಬೇಕು. ಸುಮ್ಮನೆ ಕೂರುವುದಕ್ಕೆ ಏನು ಪರೀಕ್ಷೆ. ಆದರೂ ಗಟ್ಟಿಯಾಗಿ ಕೂತೆ, ಗೆಲ್ಲಬೇಕಲ್ಲ. ಸ್ವಲ್ಪ ಹೊತ್ತಿಗೆ ಮೇಘನ, “ಅಮ್ಮ, ಹಲ್ಲು ಕಚ್ಚಬೇಡಿ. ಇಲ್ಲಿ ಬರ್ತಿರೋದು ಮೆದುಳಿನ ಅಲೆ ಅಲ್ಲ, ನಿಮ್ಮ ದವಡೆದು” ಅಂದಳು. ದವಡೆ ಬಿಟ್ಟೆ. ಆಮೇಲೆ ಕಿವಿಗೆ ಟಕ್ ಟಕ್ ಅಂತ ಒಂದೇ ಸದ್ದು, ನಡುವೆ ಎಲ್ಲೋ ಒಂದು ಸಣ್ಣ ದನಿಯ ಸದ್ದು. ಅದು ಬಂದಾಗ ಗುಂಡಿ ಒತ್ತಬೇಕು. ಒತ್ತಿದೆ. ಒಂದೂ ಬಿಟ್ಟಿಲ್ಲ ಅಂದುಕೊಂಡಿದ್ದೇನೆ.

ಮುಗಿದ ಮೇಲೆ ಎಷ್ಟು ಮಾರ್ಕ್ಸು ಅಂತ ಕೇಳಿದೆ. ಇದರಲ್ಲಿ ಪಾಸು ಫೇಲು ಇಲ್ಲ ಅಂದಳು. ಪರದೆಯ ಮೇಲೆ ಸಾಲು ಸಾಲು ಗೆರೆ, ಮಕ್ಕಳು ಸ್ಲೇಟಿನಲ್ಲಿ ಗೀಚಿದ ಹಾಗೆ. ಅದರಲ್ಲಿ ನಾನೆಲ್ಲಿದ್ದೇನೆ ಅಂತ ಹುಡುಕಿದೆ, ಗೊತ್ತಾಗಲಿಲ್ಲ.

ಪುಟ್ಟಲಕ್ಷ್ಮಮ್ಮ ಎಣ್ಣೆ ಹಾಕಿಕೊಂಡೇ ಬಂದಿದ್ದಳು. ಮೇಘನ ಅವಳ ತಲೆ ತಾನೇ ತೊಳೆದಳು.

ಆಗಸ್ಟ್ 5, ಸೋಮವಾರ

ಡಾಕ್ಟರ್ ಸಹನ ಕರೆಸಿದ್ದರು. ಕಲೀಂ ಬಂದಿದ್ದ.

ಕಣ್ಣು ಮುಚ್ಚಿ ಕೂತಾಗ ತಲೆಯ ಹಿಂಭಾಗದಲ್ಲಿ ಒಂದು ಲಯದಲ್ಲಿ ಅಲೆ ಏಳುತ್ತದಂತೆ. ನನ್ನ ವಯಸ್ಸಿನ ಬೇರೆಯವರಿಗಿಂತ ನನ್ನದು ಕೊಂಚ ನಿಧಾನವಂತೆ. ನಿಧಾನದ ಅಲೆ ಹೆಚ್ಚು, ಚುರುಕಿನದು ಕಡಿಮೆ. ಆ ಸಣ್ಣ ದನಿ ಬಂದಾಗ ಮೆದುಳು ಅದನ್ನು ಗುರುತಿಸುವುದೂ ಸ್ವಲ್ಪ ತಡ. ಇದೊಂದನ್ನೇ ಹಿಡಿದು ತೀರ್ಮಾನ ಹೇಳುವುದಿಲ್ಲ, ಇದು ಇನ್ನೂ ಕಲಿಯುತ್ತಿರುವ ವಿಷಯ, ಆರು ತಿಂಗಳ ಮೇಲೆ ಮತ್ತೊಮ್ಮೆ ನೋಡೋಣ ಅಂದರು.

ಅಲೆಯನ್ನು ಚುರುಕು ಮಾಡುವುದು ಹೇಗೆ ಅಂತ ಕೇಳಿದೆ. ಅವರು ನಗಲಿಲ್ಲ. ನಡೆಯಿರಿ, ಚೆನ್ನಾಗಿ ನಿದ್ದೆ ಮಾಡಿ, ಬಿಪಿ ನೋಡಿಕೊಳ್ಳಿ, ಕಿವಿ ಪರೀಕ್ಷೆ ಮಾಡಿಸಿ, ಹೊಸತೇನಾದರೂ ಕಲಿಯಿರಿ, ಇಲ್ಲವೇ ಬಲ್ಲದ್ದನ್ನು ಯಾರಿಗಾದರೂ ಕಲಿಸಿ ಅಂದರು. ಅಲೆ ಬದಲಾಗುತ್ತದೆ ಅಂತ ಮಾತು ಕೊಡಲಾರೆ, ನಿಮಗೆ ಒಳ್ಳೆಯದಾಗುತ್ತದೆ ಅಂದರು.

ದಾರಿಯಲ್ಲಿ ಕಲೀಂ, ಸ್ನಾನದ ಕೆಲಸ ಇನ್ನು ಬಿಟ್ಟುಬಿಡು ಅಮ್ಮಿ, ಮೈಸೂರಿನಿಂದ ಯಾರನ್ನಾದರೂ ಕರೆಸಿಕೊಳ್ಳಲಿ ಅಂದ. ಮೈಸೂರಿನವರು ಬರುವ ತನಕ ಹೆಣ ಕಾಯುತ್ತದಾ ಅಂತ ಕೇಳಿದೆ.

ಬಿಡುವುದಿಲ್ಲ. ಆರು ತಿಂಗಳಿದೆ.

ಆಗಸ್ಟ್ 6, ಮಂಗಳವಾರ

ಕ್ರಮವನ್ನು ಬಾಯಿಪಾಠ ಮಾಡಲು ಶುರು ಮಾಡಿದ್ದೇನೆ. ಕೈಗೆ ಬಟ್ಟೆ ಸುತ್ತಿ ಶುದ್ಧಿ. ವುಜೂ, ನಮಾಜಿಗೆ ಮುಂಚಿನ ಹಾಗೆ ಮುಖ ಕೈ ಕಾಲು ತೊಳೆಸುವುದು. ತಲೆ, ಕೂದಲು. ಬಲಗಡೆ. ಎಡಗಡೆ. ಮೆಲ್ಲಗೆ ಕೂರಿಸಿ ಹೊಟ್ಟೆ ನೀವುವುದು. ಕಡೆಗೆ ಕರ್ಪೂರದ ನೀರು. ರೊಟ್ಟಿ ತಟ್ಟುವಾಗಲೂ ಹೇಳಿಕೊಂಡೆ. ಮಧ್ಯಾಹ್ನ ಉದ್ದದ ದಿಂಬನ್ನು ಚಾಪೆಯ ಮೇಲೆ ಮಲಗಿಸಿ, ಹಳೆಯ ಪಂಚೆ ಹರಿದು ಐದು ಬಟ್ಟೆ ಮಾಡಿ ಸುತ್ತಿದೆ. ಬಿಚ್ಚಿದೆ, ಮತ್ತೆ ಸುತ್ತಿದೆ. ತಲೆಯೆತ್ತಿದರೆ ಕಲೀಂನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಾಳೆ. ಇದನ್ನೂ ಗಂಡನಿಗೆ ಹೇಳಲಿ. ಬಾಗಿಲು ಹಾಕಿಕೊಂಡೆ.

ಆಗಸ್ಟ್ 21, ಬುಧವಾರ

ನಮ್ಮ ಪೇಟೆಯಲ್ಲೇ ಒಂದು ಸಾವು, ದರ್ಜಿಯವರ ಮನೆ. ಕಲೀಂ ತಡೆದ. ಅವನನ್ನು ದಾಟಿಕೊಂಡು ಹೋದೆ. ಅವನು ಹೆಂಡತಿಯನ್ನು ಹಿಂದೆ ಕಳಿಸಿದ, ನನ್ನ ಚೀಲ ಹಿಡಿಯುವ ನೆಪದಲ್ಲಿ. ಅವಳು ಒಳಗೆ ಬರಲಿಲ್ಲ. ಬಾಗಿಲ ಹತ್ತಿರ ಬಿಳಿಚಿಕೊಂಡು ನಿಂತಿದ್ದಳು, ಕೈಯಲ್ಲಿ ಚೀಲವನ್ನು ಮಗುವಿನ ಹಾಗೆ ಅಪ್ಪಿಕೊಂಡಿದ್ದಳು.

ಒಂದು ತಪ್ಪೂ ಆಗಲಿಲ್ಲ. ಐದೂ ಬಟ್ಟೆ, ಕ್ರಮವಾಗಿ. ಬರುವಾಗ ಹೆಜ್ಜೆ ಹಗುರವಾಗಿತ್ತು. ಮಿಷಿನ್ನು ಈಗ ನೋಡಬೇಕಿತ್ತು.

ಸೆಪ್ಟೆಂಬರ್ 12, ಗುರುವಾರ

ಕಿವಿ ಪರೀಕ್ಷೆಗೆ ಶ್ರೀರಂಗಪಟ್ಟಣಕ್ಕೆ ಹೋಗುವುದಿತ್ತು. ಜೊತೆಗೆ ಯಾರೂ ಬೇಡ ಅಂದೆ. ಹೋದದ್ದು ಸರಿಯಾಗಿಯೇ ಹೋದೆ. ಕಿವಿ ಚೆನ್ನಾಗಿದೆ ಅಂದರು. ಬರುವಾಗ ಬಸ್ಸು ನಿಂತಿತು, ಒಂದಷ್ಟು ಜನ ಇಳಿದರು, ನಾನೂ ಇಳಿದೆ. ಬಸ್ಸು ಹೊರಟುಹೋಯಿತು. ಅದು ನಮ್ಮ ಪೇಟೆಯಲ್ಲ.

ಕಲ್ಲಿನ ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಈ ರಸ್ತೆಯಲ್ಲಿ ನಾನು ಲೆಕ್ಕವಿಲ್ಲದಷ್ಟು ಸಲ ಓಡಾಡಿದ್ದೇನೆ. ಆದರೂ ಯಾವ ಕಡೆ ಪೇಟೆ, ಯಾವ ಕಡೆ ಪಾಂಡವಪುರ ತಿಳಿಯಲಿಲ್ಲ. ಟೀ ಅಂಗಡಿಯಲ್ಲಿ ಕೇಳಬಹುದಿತ್ತು. ಬಾಯಿ ಬರಲಿಲ್ಲ. ಮನೆಗೆ ಫೋನು ಮಾಡಿದೆ. ಎತ್ತಿದ್ದು ಕಲೀಂನ ಹೆಂಡತಿ ಆಲಿಯಾ. ಎದುರಿಗೆ ಯಾವ ಬೋರ್ಡಿದೆ ಓದಿ ಅಮ್ಮಿ ಅಂದಳು. ಓದಿದೆ. ಚಿನಕುರಳಿ ಅಂತಿತ್ತು. ಟೀ ಅಂಗಡಿ ಇದೆಯಾ, ಅಲ್ಲಿ ಕೂತು ಒಂದು ಟೀ ಕುಡೀರಿ, ಬಂದೆ ಅಂದಳು.

ಸ್ಕೂಟರಿನಲ್ಲಿ ಬಂದಳು, ಮುಖವೆಲ್ಲ ಧೂಳು. ಏನಾಯಿತು, ಯಾಕೆ ಇಳಿದಿರಿ, ಒಂದೂ ಕೇಳಲಿಲ್ಲ. ನಾನು ಹಿಂದೆ ಕೂತೆ. ಬಹಳ ದೂರ ಬಂದ ಮೇಲೆ, ಕರ್ಪೂರ ಎಲ್ಲಾ ನೀರಿಗೂ ಹಾಕೋದಾ, ಕಡೇ ನೀರಿಗೆ ಮಾತ್ರಾನಾ ಅಂತ ಕೇಳಿದಳು. ನಿನಗ್ಯಾಕೆ ಅಂದೆ. ಸ್ಕೂಟರು ನಿಲ್ಲಿಸದೆ, ಹಿಂದೆ ತಿರುಗದೆ ಹೇಳಿದಳು. ಅವಳ ಅಮ್ಮ ಕೊರೋನಾದಲ್ಲಿ ಹೋದವರು. ಆಸ್ಪತ್ರೆಯವರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟರು. ಮುಟ್ಟಲು ಬಿಡಲಿಲ್ಲ, ನೀರು ಹುಯ್ಯಲು ಬಿಡಲಿಲ್ಲ.

“ನಮ್ಮಮ್ಮಂಗೆ ಯಾರೂ ಮಾಡಿಸಲಿಲ್ಲ ಅಮ್ಮಿ. ದರ್ಜಿಯವರ ಮನೇಲಿ ನೀವು ಆ ಹೆಂಗಸಿನ ಕೂದಲು ತೊಳೆದ್ರಲ್ಲ, ಅದನ್ನ ನೋಡ್ತಾ ಇದ್ದೆ.”

ಅವಳ ಅಮ್ಮ ತೀರಿಕೊಂಡ ವಿಷಯ ಗೊತ್ತಿತ್ತು. ಹೇಗೆ ಅನ್ನುವುದು ಗೊತ್ತಿರಲಿಲ್ಲ. ಕಡೇ ನೀರಿಗೆ ಮಾತ್ರ ಅಂತ ಹೇಳಿದೆ.

ಕಲೀಂಗೆ ಅವಳು ಚಿನಕುರಳಿ ವಿಷಯ ಹೇಳಲಿಲ್ಲ.

ಅಕ್ಟೋಬರ್ 3, ಗುರುವಾರ

ಮಧ್ಯಾಹ್ನ ಕೆಲಸ ಮುಗಿದ ಮೇಲೆ ಸೊಸೆಗೆ ಕಲಿಸುತ್ತಿದ್ದೇನೆ. ಡಾಕ್ಟರೇ ಹೇಳಿದ್ದಾರಲ್ಲ ಕಲಿಸಿ ಅಂತ. ನನ್ನ ಅಲೆಗೆ ಒಳ್ಳೆಯದು.

ದಿಂಬನ್ನು ಅವಳು ತಿರುಗಿಸುವುದು ನೋಡಿದರೆ ಅಕ್ಕಿ ಮೂಟೆ ಹೊರಳಿಸಿದ ಹಾಗೆ. ಕತ್ತಿನ ಕೆಳಗೆ ಕೈ ಕೊಡಬೇಕು, ಜೀವ ಇರುವವರ ಕತ್ತಿಗಿಂತ ಮೆತ್ತಗೆ ಅಂತ ಹೇಳಿದೆ. ಮುಚ್ಚಿದ ಬಟ್ಟೆ ಸರಿಯಬಾರದು, ಅದರ ಕೆಳಗಿನಿಂದಲೇ ಕೈ ಹೋಗಬೇಕು. ಸತ್ತವರಿಗೂ ಮಾನ ಇದೆ. ಇಂಥ ಮನೆಯಲ್ಲಿ ಇಂಥದ್ದು ಕಂಡೆ ಅಂತ ಹೊರಗೆ ಬಂದು ಆಡಬಾರದು. ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಒಂದೆರಡು ಕಡೆ ನಾನು ನಿಂತೆ, ಮುಂದಿನದು ಬರಲಿಲ್ಲ. ಅವಳು ಹೇಳಿಕೊಟ್ಟಳು. ಪಾಠ ಒಪ್ಪಿಸಲು ಚೆನ್ನಾಗಿ ಬರುತ್ತದೆ ಅವಳಿಗೆ.

ಅಕ್ಟೋಬರ್ 27, ಭಾನುವಾರ

ಪೇಟೆಯಲ್ಲೇ. ರೇಷನ್ ಅಂಗಡಿಯವರ ತಾಯಿ ತೀರಿಕೊಂಡರು. ಆಲಿಯಾ ಒಳಗೆ ಬಂದಳು. ನಾನು ಮಾಡಿದೆ, ಅವಳು ನೀರು ಹುಯ್ದಳು. ಮೊದಲ ಚೊಂಬು ಅರ್ಧ ನೆಲಕ್ಕೆ ಹೋಯಿತು. ಎರಡನೆಯದು ಸರಿಯಾಯಿತು. ಕೂದಲು ತೊಳೆಯುವಾಗ ಅವಳ ಕಣ್ಣಿಂದ ಸುರಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಕಣ್ಣೀರು ಮೈಮೇಲೆ ಬೀಳಬಾರದು ಅಂತ ಮುಖ ಪಕ್ಕಕ್ಕೆ ಹಿಡಿದಿದ್ದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಮನೆಗೆ ಬಂದು ತಾನೂ ಸ್ನಾನ ಮಾಡಿ, ಹೊಟ್ಟೆ ತುಂಬ ಉಂಡು ಮಲಗಿದಳು. ಕಲೀಂ ಅವಳನ್ನು ನೋಡಿದ, ನನ್ನನ್ನು ನೋಡಿದ. ಮೈಸೂರಿನ ಮಾತು ತೆಗೆಯಲಿಲ್ಲ.

ನವೆಂಬರ್ 15, ಶುಕ್ರವಾರ

ಈ ನಡುವೆ ಬರೆದಿಲ್ಲ. ಹೊತ್ತೇ ಸಿಗುವುದಿಲ್ಲ.

ಆಲಿಯಾ ಇವತ್ತು ತನ್ನ ಅಮ್ಮನ ವಿಷಯ ಹೇಳಿದಳು. ಕೊರೋನಾದಲ್ಲಿ ಹೋದರಂತೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟರಂತೆ, ಸ್ನಾನ ಮಾಡಿಸಲು ಬಿಡಲಿಲ್ಲವಂತೆ. ಇಷ್ಟು ದಿನ ಒಂದೇ ಮನೆಯಲ್ಲಿದ್ದೂ ಒಮ್ಮೆಯೂ ಹೇಳಿರಲಿಲ್ಲ ಹುಡುಗಿ. ಯಾಕೆ ಹೇಳಲಿಲ್ಲ ಅಂತ ಕೇಳಿದೆ. ನನ್ನ ಕೈ ಹಿಡಿದುಕೊಂಡು, ಈಗ ಹೇಳಿದೆನಲ್ಲ ಅಮ್ಮಿ ಅಂದಳು. ಮತ್ತೆ ಎಲ್ಲವನ್ನೂ ಮೊದಲಿನಿಂದ ಹೇಳಿದಳು, ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು.

ಅಂಥ ಸಾವಿನಲ್ಲಿ ನೀರಿಲ್ಲದಿದ್ದರೂ ಅಲ್ಲಾಹ್ ಒಪ್ಪಿಕೊಳ್ಳುತ್ತಾನೆ ಅಂತ ಹೇಳಿದೆ. ಅವಳಿಗೆ ಗೊತ್ತಿತ್ತು. ಆದರೂ ಯಾರಾದರೂ ಹೇಳಬೇಕಿತ್ತು ಅನ್ನಿಸುತ್ತದೆ.

ಡಿಸೆಂಬರ್ 10, ಮಂಗಳವಾರ

ಪಾಂಡವಪುರದಿಂದ ಫೋನು. ಸಾವಿನ ಮನೆ. ಮಾತಾಡಿದವರು ತಡವರಿಸುತ್ತಾ, “ಆಪಾ, ನೀವೇ ಬರಬೇಕು. ಆದ್ರೆ ಜೊತೇಲಿ ಇನ್ನೊಬ್ಬರನ್ನ ಕರ್ಕೊಂಡು ಬನ್ನಿ” ಅಂದರು. ಆ ಕುರ್ಚಿಯ ಮೇಲಿನ ಬಟ್ಟೆಯ ಮಾತು ಅಲ್ಲೆಲ್ಲ ಹರಡಿದೆ ಅಂತಾಯಿತು.

ಫೋನಿಟ್ಟೆ. ಸಿಟ್ಟು ಬಂತು. ಆಮೇಲೆ ಸಿಟ್ಟಿನಲ್ಲೇ ಎದ್ದು ಚೀಲಕ್ಕೆ ಬಟ್ಟೆ, ಕರ್ಪೂರ, ಅತ್ತರು, ಸ್ನಾನದ ನೀರಿಗೆ ಹಾಕಿ ಕುದಿಸುವ ಒಣ ಎಲಚಿ ಎಲೆ ಹಾಕಿದೆ. ಕರ್ಕೊಂಡು ಬನ್ನಿ ಅಂದರೆ ಕರ್ಕೊಂಡು ಹೋಗುವುದು. ನನ್ನ ಮಾನಕ್ಕಾಗಿ ಒಬ್ಬ ಹೆಂಗಸು ಸ್ನಾನವಿಲ್ಲದೆ ಕಾಯಬೇಕಾಗಿಲ್ಲ.

ಕಲೀಂ ತಾನೇ ಆಟೋದಲ್ಲಿ ಬಿಟ್ಟ. ಅಲ್ಲಿ ಹೆಂಗಸರಿಗೆ ನಾನೇ ಹೇಳಿದೆ: ನನಗೆ ಇತ್ತೀಚೆಗೆ ಮರೆವಿದೆ, ಇವಳು ನನ್ನ ಸೊಸೆ, ಕ್ರಮ ತಪ್ಪಿದರೆ ಇವಳು ಹೇಳುತ್ತಾಳೆ. ಒಬ್ಬಾಕೆ ಬಿಸಿನೀರಿನ ಹಂಡೆಯನ್ನು ಆಲಿಯಾಳ ಕಡೆ ಸರಿಸಿದಳು.

ಆಲಿಯಾ ಐದು ಬಟ್ಟೆ ಹಾಸಿದಳು. ನಾನು ಅತ್ತರು ಹಚ್ಚಿದೆ.

ಜನವರಿ 9, 2025, ಗುರುವಾರ

ಶ್ರೀರಂಗಪಟ್ಟಣದಲ್ಲಿ ಎರಡನೇ ಸಲದ ಪರೀಕ್ಷೆ. ಪುಟ್ಟಲಕ್ಷ್ಮಮ್ಮನೂ ಬಂದಿದ್ದಳು. ನನ್ನನ್ನು ಗುರುತು ಹಿಡಿಯಲು ಕೊಂಚ ಹೊತ್ತಾಯಿತು ಅವಳಿಗೆ. ಹಿಡಿದ ಮೇಲೆ ಕೈ ಬಿಡಲಿಲ್ಲ. ಅವಳ ಮಗಳು ಒಂದು ಪಕ್ಕ, ಆಲಿಯಾ ಒಂದು ಪಕ್ಕ, ನಡುವೆ ನಾವಿಬ್ಬರು ಮುದುಕಿಯರು ಕಡಲೆಕಾಯಿ ತಿಂದೆವು. ಅಂಗನವಾಡಿಯ ಉಪ್ಪಿಟ್ಟಿನ ರುಚಿ ಅವಳಿಗೆ ಚೆನ್ನಾಗಿ ನೆನಪಿದೆ. ಯಾವ ಮಗು ಎಷ್ಟು ತಿನ್ನುತ್ತಿತ್ತು ಅನ್ನುವುದೂ.

ತಂತಿ ಕೂರಿಸುವಾಗ ಮೇಘನಳಿಗೆ ಆಲಿಯಾಳ ವಿಷಯ ಹೇಳಿದೆ. ದಿಂಬಿನಿಂದ ಹಿಡಿದು ಪಾಂಡವಪುರದ ತನಕ ಎಲ್ಲ. ಸಾಕು ಅಮ್ಮ, ಈಗ ಕಣ್ಣು ಮುಚ್ಚಿ ಅಂದಳು. ಮುಚ್ಚಿದೆ. ಸದ್ದಿನ ಪರೀಕ್ಷೆಗೆ ಮುಂಚೆ ನಿದ್ದೆ ಬಂದುಬಿಟ್ಟಿತ್ತಂತೆ, ಅಲೆ ನೋಡಿಯೇ ಗೊತ್ತಾಯಿತಂತೆ. ಎಬ್ಬಿಸಿದಳು.

ಡಾಕ್ಟರ್ ಸಹನ ಆಮೇಲೆ ವಿವರಿಸಿದರು. ಹಿಂದಿನ ಸಲಕ್ಕಿಂತ ಕೂದಲೆಳೆಯಷ್ಟು ನಿಧಾನ ಅಂದ ಹಾಗೆ ನೆನಪು. ಆಲಿಯಾ ಕೇಳಿಸಿಕೊಂಡಿದ್ದಾಳೆ. ಪೇಟೆಯಲ್ಲಿ ಎಲಚಿ ಎಲೆ ಮುಗಿದಿದೆ, ದಾರಿಯಲ್ಲಿ ಒಂದು ಮರ ಕಂಡು ಸ್ಕೂಟರು ನಿಲ್ಲಿಸಿ ಒಂದು ಚೀಲ ಕಿತ್ತುಕೊಂಡು ಬಂದೆವು.

ಜನವರಿ 24, ಶುಕ್ರವಾರ

ಇವತ್ತಿನದನ್ನು ಇವತ್ತೇ ಬರೆದಿಡುತ್ತೇನೆ.

ನಾಗಮಂಗಲದಿಂದ ಬೆಳಗ್ಗೆ ಫೋನು ಬಂತು. ಆಲಿಯಾಳ ಫೋನಿಗೆ. ಚಿಕ್ಕ ಹುಡುಗಿ, ಮದುವೆಯಾಗಿ ಎರಡು ವರ್ಷವಾಗಿತ್ತಂತೆ, ಹೃದಯದ ತೊಂದರೆ. ಆಲಿಯಾಳ ವಯಸ್ಸಿನವಳೇ. ಬೇಡವಾದರೆ ನಾನೊಬ್ಬಳೇ ಹೋಗುತ್ತೇನೆ ಅಂದೆ. ಅವಳು ಆಗಲೇ ಚೀಲ ತುಂಬುತ್ತಿದ್ದಳು. ಕಲೀಂ ಆಟೋ ತೆಗೆದ.

ಹಿತ್ತಲಿಗೆ ಬಟ್ಟೆ ಕಟ್ಟಿ ಮರೆ ಮಾಡಿದ್ದರು. ಹುಡುಗಿಯ ತಾಯಿ ಒಳಗೆ ಬರಲಾರೆ ಅಂತ ಬಾಗಿಲ ಹೊರಗೆ ಕೂತಿದ್ದರು. ಅತ್ತಿಗೆ ಒಬ್ಬಳು ನಮ್ಮ ಜೊತೆ ನಿಂತಳು. ಶುದ್ಧಿ ಆಯಿತು, ವುಜೂ ಆಯಿತು. ತಲೆಗೂದಲು ಬಹಳ ಉದ್ದ, ತೊಳೆಯಲು ಹೊತ್ತು ಹಿಡಿಯಿತು. ನೀರು ಹರಿದು ಮೇಲೆ ಮುಚ್ಚಿದ್ದ ಬಟ್ಟೆಯೆಲ್ಲ ಒದ್ದೆಯಾಗಿತ್ತು. ಚೊಂಬು ನನ್ನ ಕೈಯಲ್ಲಿತ್ತು. ಆಲಿಯಾ ಕತ್ತಿನ ಕೆಳಗೆ ಕೈ ಕೊಟ್ಟು ಕಾಯುತ್ತಿದ್ದಳು.

“ಬಲಗಡೆ ಆಯ್ತು. ಈಗ ಎಡಗಡೆಗೆ ನೀರು, ಬಲಮಗ್ಗುಲಿಗೆ ತಿರುಗಿಸು” ಅಂದೆ.

“ಇಲ್ಲ ಅಮ್ಮಿ. ಬಲಗಡೆ ಇನ್ನೂ ಆಗಿಲ್ಲ.”

ಅತ್ತಿಗೆ ಆಲಿಯಾಳ ಮುಖ ನೋಡಿದಳು, ನನ್ನ ಮುಖ ನೋಡಿದಳು. ಹೊರಗೆ ತಾಯಿಯ ಅಳು ನಿಂತುಹೋಯಿತು. ಅವರಿಗೂ ಕೇಳಿಸಿರಬೇಕು.

ನನಗೆ ಚೆನ್ನಾಗಿ ನೆನಪಿತ್ತು. ಬಲಭುಜದ ಮೇಲೆ ನೀರು ಹುಯ್ದದ್ದು, ಅದು ತೋಳಿನ ಉದ್ದಕ್ಕೂ ಇಳಿದದ್ದು, ಬೆರಳ ತುದಿಯಿಂದ ತೊಟ್ಟಿಕ್ಕಿದ್ದು. ಹುಡುಗಿಯ ಉಗುರಿಗೆ ಮದರಂಗಿಯ ಬಣ್ಣ ಇತ್ತು, ಅದೂ ಕಂಡಿತ್ತು. ಇಷ್ಟು ಸ್ಪಷ್ಟವಾಗಿ ಕಂಡದ್ದು ಸುಳ್ಳಾಗುವುದು ಹೇಗೆ. ಈ ಕೆಲಸದಲ್ಲಿ ನನ್ನ ಮುಂದೆ ನಿಂತು ಇಲ್ಲ ಅಂದವರು ಈ ನಾಲ್ಕು ಊರಿನಲ್ಲಿ ಯಾರೂ ಇಲ್ಲ. ಹೇಳಬೇಕೆಂದು ಬಾಯಿ ತೆರೆದೆ.

ಆಲಿಯಾ ನನ್ನನ್ನೇ ನೋಡುತ್ತಿದ್ದಳು. ಹೆದರಿರಲಿಲ್ಲ, ಜಗಳಕ್ಕೂ ನಿಂತಿರಲಿಲ್ಲ. ಆ ಹುಡುಗಿಯ ಕತ್ತಿನ ಕೆಳಗಿದ್ದ ಅವಳ ಕೈ ಒಂದಿಷ್ಟೂ ಅಲ್ಲಾಡಲಿಲ್ಲ.

“ಸರಿ. ನೀನು ಹೇಳು, ನಾನು ಹುಯ್ತೀನಿ” ಅಂದೆ.

ಅವಳು, ಈಗ ತಿರುಗಿಸ್ತೀನಿ ತಂಗಿ ಅಂತ ಹುಡುಗಿಗೆ ಹೇಳಿ ಬಲಗಡೆ ಮೇಲೆ ಬರುವ ಹಾಗೆ ಮೆಲ್ಲಗೆ ಎಡಮಗ್ಗುಲಿಗೆ ತಿರುಗಿಸಿದಳು. ಹುಯ್ಯಿರಿ ಅಮ್ಮಿ ಅಂದಳು. ಹುಯ್ದೆ. ಸಾಕು ಅಂದಳು, ನಿಲ್ಲಿಸಿದೆ. ಹೀಗೇ ಕರ್ಪೂರದ ನೀರಿನ ತನಕ. ಕೂದಲನ್ನು ಎರಡು ಭಾಗ ಮಾಡಿ ಎದೆಯ ಮೇಲೆ ಇಳಿಬಿಟ್ಟಾಗ ತಾಯಿ ತಾವೇ ಎದ್ದು ಒಳಗೆ ಬಂದರು. ಮಗಳ ಮುಖ ನೋಡಿದರು, ಹಣೆ ಮುಟ್ಟಿದರು. ಆಲಿಯಾ ಅವರ ಕೈ ಹಿಡಿದು ಕೂರಿಸಿ, ಬೇಕಾದಷ್ಟು ಹೊತ್ತು ಬಿಟ್ಟಳು. ನಾನಾಗಿದ್ದರೆ ಹೊರಗೆ ಕಾಯುತ್ತಿದ್ದಾರೆ ಅಂತ ಅವಸರ ಮಾಡುತ್ತಿದ್ದೆ.

ಬರುವಾಗ ಆಟೋದಲ್ಲಿ ಆಲಿಯಾ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಕಲೀಂ ಹೊಂಡ ತಪ್ಪಿಸಿ ತಪ್ಪಿಸಿ ಓಡಿಸಿದ.

ಈಗ ಬರೆಯುವಾಗಲೂ ಆ ಬಲಭುಜ, ಅದರ ಮೇಲಿಂದ ಇಳಿದ ನೀರು ಕಣ್ಣಿಗೆ ಕಟ್ಟಿದ ಹಾಗಿದೆ. ಆ ಹುಡುಗಿಯನ್ನು ತಿರುಗಿಸುವ ಮುಂಚೆಯೇ ಆಗಿತ್ತು ಅಂತ ನನ್ನ ತಲೆ ಇನ್ನೂ ಹೇಳುತ್ತಿದೆ.

ಆಗಿರಲಿಲ್ಲ. ಆಲಿಯಾ ಹೇಳಿದಳು.